ಫ್ಯುಯಲ್ ಟೇಬಲ್ ತಿದ್ದುವ ಮೊದಲು ಗಾಳಿಯ ಸೆನ್ಸರ್ ನೋಡಿ: ಎಕ್ಸ್‌ಪೆರಿಮೆಂಟಲ್ ವಿಮಾನದ ಇಂಜೆಕ್ಷನ್ ಎಂಜಿನ್‌ಗೆ ದೋಷ ನಿವಾರಣೆ ಕೈಪಿಡಿ

ಎಕ್ಸ್‌ಪೆರಿಮೆಂಟಲ್ ವಿಮಾನದಲ್ಲಿ, ಅಂದರೆ ಹೆಚ್ಚಾಗಿ ಹವ್ಯಾಸಿಗಳು ತಾವೇ ಕಟ್ಟಿದ ವಿಮಾನದಲ್ಲಿ, ಎಲೆಕ್ಟ್ರಾನಿಕ್ ಫ್ಯುಯಲ್ ಇಂಜೆಕ್ಷನ್ ಹಾಕಿದ ಎಂಜಿನ್ ಸರಿಯಾಗಿ ಓಡದಿದ್ದರೆ ಹೆಚ್ಚಿನವರು ಮೊದಲು ಲ್ಯಾಪ್‌ಟಾಪ್ ತೆಗೆದು ಫ್ಯುಯಲ್ ಟೇಬಲ್ (ಯಾವ ಸ್ಥಿತಿಯಲ್ಲಿ ಎಷ್ಟು ಇಂಧನ ಬಿಡಬೇಕು ಎಂಬ ಪಟ್ಟಿ) ತಿದ್ದಲು ಕೂರುತ್ತಾರೆ. ದಯವಿಟ್ಟು ಆ ಕೆಲಸ ಕೊನೆಗೆ ಇಟ್ಟುಕೊಳ್ಳಿ. ಎಂಜಿನ್‌ಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೊದಲು ಲೆಕ್ಕ ಹಾಕುತ್ತದೆ. ಆಮೇಲೆ ಅದಕ್ಕೆ ತಕ್ಕಷ್ಟು ಇಂಧನ ಬಿಡುತ್ತದೆ. ಗಾಳಿಯ ಲೆಕ್ಕವೇ ತಪ್ಪಿದ್ದಾಗ ಟೇಬಲ್ ತಿದ್ದಿದರೆ ಇವತ್ತು, ಈ ಎತ್ತರದಲ್ಲಿ, ಈ ಬಿಸಿಲಿನಲ್ಲಿ ಎಂಜಿನ್ ಸರಿಹೋದ ಹಾಗೆ ಕಾಣುತ್ತದೆ. ನಾಳೆ 8,000 ಅಡಿಯಲ್ಲಿ ಅದೇ ದೋಷ ಬೇರೆ ರೂಪದಲ್ಲಿ ಎದುರಾಗುತ್ತದೆ. ಕಾರಾದರೆ ರಸ್ತೆ ಪಕ್ಕ ನಿಲ್ಲಿಸಬಹುದು. ಇಲ್ಲಿ ಅದು ಆಗಲ್ಲ, ಅಲ್ವಾ?

ಗಾಳಿ ಅಳೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸ್ಪೀಡ್-ಡೆನ್ಸಿಟಿ. ಇದರಲ್ಲಿ ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆಗಳ) ಒತ್ತಡ ಹೇಳುತ್ತದೆ, ಐಎಟಿ ಸೆನ್ಸರ್ ಒಳಬರುವ ಗಾಳಿ ಎಷ್ಟು ಬಿಸಿ ಎಂದು ಹೇಳುತ್ತದೆ. ಆರ್‌ಪಿಎಂ ಜೊತೆ ಸೇರಿಸಿ ಇಸಿಯು ಗಾಳಿಯ ತೂಕ ಲೆಕ್ಕ ಹಾಕುತ್ತದೆ. ಎರಡನೆಯದು ಆಲ್ಫಾ-ಎನ್. ಥ್ರಾಟಲ್ ಎಷ್ಟು ತೆರೆದಿದೆ ಮತ್ತು ಆರ್‌ಪಿಎಂ ಎಷ್ಟು ಎಂಬುದರಿಂದಲೇ ಗಾಳಿಯ ಅಂದಾಜು. ಮೂರನೆಯದು ಹರಿವನ್ನೇ ಅಳೆಯುವ ಮೀಟರ್: ಬಿಸಿ ತಂತಿಯ ಮ್ಯಾಫ್, ಇಲ್ಲವೇ ಹಳೆಯ ಕಾಲದ ತಿರುಗುವ ಫ್ಲ್ಯಾಪ್ ಇರುವ ವೇನ್ ಮೀಟರ್. ನಿಮ್ಮ ಎಂಜಿನ್‌ನಲ್ಲಿ ಯಾವುದಿದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಒಂದೇ ದೋಷ ಮೂರರಲ್ಲೂ ಬೇರೆ ಬೇರೆ ಥರ ಕಾಣಿಸಿಕೊಳ್ಳುತ್ತದೆ.

## ಕೈ ಹಾಕುವ ಮೊದಲು

ಇಗ್ನಿಷನ್ ಆಫ್ ಇದ್ದರೂ ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗಬಹುದು ಎಂದೇ ತಿಳಿದು ಕೆಲಸ ಮಾಡಿ. ಕೀ ಆನ್ ಮಾಡಿ ಸೆನ್ಸರ್ ಓದುವಾಗ ಪ್ರೊಪೆಲ್ಲರ್ ಸುತ್ತ ಯಾರೂ ಇರಬಾರದು. ಇಂಜೆಕ್ಷನ್ ಲೈನಿನಲ್ಲಿ ಸಾಮಾನ್ಯವಾಗಿ 3 ಬಾರ್ ಸುತ್ತಮುತ್ತ ಒತ್ತಡ ಇರುತ್ತದೆ. ಯಾವುದೇ ಫಿಟ್ಟಿಂಗ್ ಬಿಚ್ಚುವ ಮೊದಲು ಅದನ್ನು ಇಳಿಸಿ. ಎಂಜಿನ್ ಓಡಿಸಿ ನೋಡುವುದಿದ್ದರೆ ಚಕ್ರಕ್ಕೆ ಅಡ್ಡಗಟ್ಟೆ, ಬಾಲಕ್ಕೆ ಹಗ್ಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಾಧನ, ಕಾಕ್‌ಪಿಟ್‌ನಲ್ಲಿ ಒಬ್ಬರು. ಇಷ್ಟು ಇಲ್ಲದಿದ್ದರೆ ಅವತ್ತು ಎಂಜಿನ್ ಓಡಿಸಬೇಡಿ.

ಇನ್ನೊಂದು ಮಾತು. ಇನ್‌ಟೇಕ್ (ಗಾಳಿ ಒಳಬರುವ ದಾರಿ) ಲೀಕ್ ಹುಡುಕಲು ಓಡುವ ಎಂಜಿನ್ ಮೇಲೆ ಬ್ರೇಕ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಕಾರ್ ಗ್ಯಾರೇಜಿನಿಂದ ಬಂದಿದೆ. ಕೆಂಪಗೆ ಕಾದ ಎಕ್ಸಾಸ್ಟ್ ಮತ್ತು ತಿರುಗುವ ಪ್ರೊಪೆಲ್ಲರ್ ಇರುವ ಕಡೆ ಅದು ಬೇಡವೇ ಬೇಡ. ಎಂಜಿನ್ ನಿಲ್ಲಿಸಿ, ಇನ್‌ಟೇಕಿಗೆ ಸ್ವಲ್ಪವೇ ಒತ್ತಡದ ಗಾಳಿ ಕೊಟ್ಟು, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

## ಎಂಜಿನ್ ನಿಂತಿದ್ದಾಗಲೇ ರೀಡಿಂಗ್ ಹೊಂದುತ್ತಿಲ್ಲ

ಇದು ಎಲ್ಲಕ್ಕಿಂತ ಸುಲಭದ, ಖರ್ಚಿಲ್ಲದ ಪರೀಕ್ಷೆ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಈಗ ಮ್ಯಾನಿಫೋಲ್ಡ್ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಒಂದೇ. ಮ್ಯಾಪ್ ರೀಡಿಂಗ್ ಆ ಜಾಗದ ವಾಯುಭಾರಕ್ಕೆ ಹೊಂದಬೇಕು. ಐಎಟಿ ರೀಡಿಂಗ್ ಹೊರಗಿನ ಥರ್ಮಾಮೀಟರ್‌ಗೆ ಹೊಂದಬೇಕು.

ಇಲ್ಲಿ ಅನೇಕರು ಎಡವುತ್ತಾರೆ. ರೇಡಿಯೋದಲ್ಲಿ ಹೇಳುವ ಕ್ಯೂಎನ್‌ಎಚ್ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ, ರನ್‌ವೇ ಮೇಲೆ ನಿಜವಾಗಿ ಇರುವ ಒತ್ತಡ ಅಲ್ಲ. ಸಮುದ್ರಮಟ್ಟದಲ್ಲಿ ಪ್ರಮಾಣಿತ ಒತ್ತಡ 101.3 ಕಿಲೋಪಾಸ್ಕಲ್. 3,000 ಅಡಿ ಎತ್ತರದ ಏರ್‌ಫೀಲ್ಡಿನಲ್ಲಿ ಅದು ಸುಮಾರು 91. ಇಂಥ ಕಡೆ ಸೆನ್ಸರ್ 91 ತೋರಿಸಿದರೆ ಅದು ಸರಿಯಾಗಿಯೇ ಇದೆ. ಸುಮ್ನೆ ಅದನ್ನು 101ಕ್ಕೆ ಎಳೆದು ಕೂರಿಸಿದರೆ ಹೊಸ ದೋಷವನ್ನು ನೀವೇ ಹುಟ್ಟುಹಾಕಿದಂತಾಗುತ್ತದೆ. ಕೆಳಹಂತದ ಎತ್ತರಗಳಲ್ಲಿ ಪ್ರತಿ 1,000 ಅಡಿಗೆ ಸುಮಾರು 1 ಇಂಚು ಪಾದರಸದಷ್ಟು ಕಳೆದರೆ ಅಂದಾಜು ಸಿಗುತ್ತದೆ.

ವ್ಯತ್ಯಾಸ 1 ಕಿಲೋಪಾಸ್ಕಲ್ ಒಳಗಿದ್ದರೆ ಮುಂದೆ ಹೋಗಿ. ಜಾಸ್ತಿ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಇಸಿಯು ಒಳಗಿನ ಸೆಟ್ಟಿಂಗ್. ಸೆನ್ಸರ್ ಒಂದು, ಸಾಫ್ಟ್‌ವೇರಿನಲ್ಲಿ ಆರಿಸಿದ ಮಾದರಿ ಇನ್ನೊಂದು ಆಗಿರುವುದು ತುಂಬ ಸಾಮಾನ್ಯ. ಉದಾಹರಣೆಗೆ ಎಂಪಿಎಕ್ಸ್ 4115 ಸೆನ್ಸರ್ ಸಮುದ್ರಮಟ್ಟದಲ್ಲಿ ಸುಮಾರು 4.1 ವೋಲ್ಟ್ ಕೊಡುತ್ತದೆ. ಎಂಪಿಎಕ್ಸ್ 4250 ಅದೇ ಒತ್ತಡಕ್ಕೆ ಸುಮಾರು 1.8 ವೋಲ್ಟ್ ಮಾತ್ರ ಕೊಡುತ್ತದೆ. ಮಲ್ಟಿಮೀಟರ್‌ನಲ್ಲಿ ಸಿಗ್ನಲ್ ತಂತಿಯ ವೋಲ್ಟೇಜ್ ನೋಡಿ, ಡೇಟಾಶೀಟ್ ಜೊತೆ ಹೋಲಿಸಿ. ವೋಲ್ಟೇಜ್ ಸರಿ, ಸ್ಕ್ರೀನಿನ ಅಂಕಿ ತಪ್ಪು ಎಂದಾದರೆ ಸೆಟ್ಟಿಂಗ್ ತಪ್ಪಿದೆ. ವೋಲ್ಟೇಜೇ ತಪ್ಪಿದ್ದರೆ 5 ವೋಲ್ಟ್ ಸಪ್ಲೈ ನೋಡಿ, ಗ್ರೌಂಡ್ ನೋಡಿ, ಆಮೇಲೆ ಸೆನ್ಸರ್ ಬದಲಿಸಿ.

ಐಎಟಿ ಮೈನಸ್ 40 ಡಿಗ್ರಿ ತೋರಿಸುತ್ತಿದ್ದರೆ ತಂತಿ ಎಲ್ಲೋ ಕಡಿದಿದೆ ಅಥವಾ ಕನೆಕ್ಟರ್ ಬಿಟ್ಟುಕೊಂಡಿದೆ. ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯ ಆಟೊಮೋಟಿವ್ ಮಾದರಿಗಳು 20 ಡಿಗ್ರಿಯಲ್ಲಿ 2ರಿಂದ 4 ಕಿಲೋ ಓಮ್ ತೋರಿಸುತ್ತವೆ. ತಂತಿ ಕಡಿದರೆ ಇಸಿಯು ಗಾಳಿ ವಿಪರೀತ ತಣ್ಣಗಿದೆ, ಅಂದರೆ ದಟ್ಟವಾಗಿದೆ ಎಂದುಕೊಳ್ಳುತ್ತದೆ. ನಿಜವಾದ ಗಾಳಿ 30 ಡಿಗ್ರಿ ಇದ್ದರೆ ಸುಮಾರು ಶೇ. 30ರಷ್ಟು ಇಂಧನ ಜಾಸ್ತಿ ಹೋಗುತ್ತದೆ.

## ಐಡಲ್ (ಥ್ರಾಟಲ್ ಮುಚ್ಚಿದಾಗಿನ ನಿಧಾನ ಓಟ) ಏರಿಳಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ಥ್ರಾಟಲ್ ಹಿಂದೆ ಎಳೆದು ಪವರ್ ಇಳಿಸಿದರೆ ಎಂಜಿನ್ ನಿಲ್ಲುತ್ತದೆ

ಮ್ಯಾಪ್ ಸೆನ್ಸರಿನ ಹೋಸ್ ನೋಡಿ. ತುದಿಯಿಂದ ತುದಿಗೆ ಕೈಯಾಡಿಸಿ. ಬಿರುಕು, ಕರಗಿದ ಜಾಗ, ಸಡಿಲ ಕ್ಲಿಪ್, ಒಳಗೆ ನಿಂತ ನೀರು ಅಥವಾ ಇಂಧನ, ಇವೇ ಹೆಚ್ಚಾಗಿ ಸಿಗುವುದು.

ಹೋಸ್ ಕಳಚಿಬಿದ್ದರೆ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ದೋಷ ಅಡಗಿಕೊಳ್ಳುತ್ತದೆ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 35 ಕಿಲೋಪಾಸ್ಕಲ್ ಆಸುಪಾಸು ಇರುತ್ತದೆ ಎಂದುಕೊಳ್ಳಿ. ಹೋಸ್ ಬಿಟ್ಟುಕೊಂಡರೆ ಸೆನ್ಸರ್ ಹೊರಗಿನ ಗಾಳಿಯನ್ನೇ ಓದಿ 100 ಎನ್ನುತ್ತದೆ. ಬೇಕಾದ್ದಕ್ಕಿಂತ ಸುಮಾರು ಮೂರು ಪಟ್ಟು ಇಂಧನ ಸುರಿಯುತ್ತದೆ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆದರೆ ಫುಲ್ ಥ್ರಾಟಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡವೇ ಹೊರಗಿನ ಒತ್ತಡಕ್ಕೆ ಹತ್ತಿರ ಇರುತ್ತದೆ. ಆಗ ಹೋಸ್ ಬಿಟ್ಟಿದ್ದರೂ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಅಂದರೆ ಟೇಕ್‌ಆಫ್‌ನಲ್ಲಿ ಹೋಸ್ ಕಳಚಿದರೆ ಪೈಲಟ್‌ಗೆ ಗೊತ್ತೇ ಆಗದಿರಬಹುದು. ಇಳಿಯಲು ಥ್ರಾಟಲ್ ಹಿಂದೆ ಎಳೆದ ಕ್ಷಣ, ನೆಲಕ್ಕೆ ಹತ್ತಿರ ಇರುವಾಗ, ಎಂಜಿನ್ ನಿಲ್ಲುತ್ತದೆ. ಈ ಹೋಸ್‌ಗೆ ಎರಡೂ ತುದಿಯಲ್ಲಿ ಕ್ಲಾಂಪ್ ಇರಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೋಸ್ ಚೆನ್ನಾಗಿದ್ದರೆ ಕೈಪಂಪಿನಿಂದ ಸೆನ್ಸರಿಗೆ ವ್ಯಾಕ್ಯೂಮ್ ಕೊಡಿ. ರೀಡಿಂಗ್ ಪಂಪಿನ ಗೇಜ್ ಜೊತೆ ಸಮನಾಗಿ ಇಳಿಯಬೇಕು, ಒಂದು ನಿಮಿಷ ಹಾಗೇ ನಿಲ್ಲಬೇಕು. ನಿಧಾನವಾಗಿ ಏರಿದರೆ ಲೀಕ್ ಇದೆ.

ಎಲ್ಲವೂ ಸರಿ ಇದ್ದೂ ಐಡಲ್‌ನಲ್ಲಿ ಮಾತ್ರ ಅಂಕಿ ಕುಣಿಯುತ್ತದೆಯೇ? ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ ಇನ್‌ಟೇಕ್ ಸ್ಟ್ರೋಕಿಗೂ ಒತ್ತಡ ಮಿಡಿಯುತ್ತದೆ. ಒಂದೇ ಸಿಲಿಂಡರಿನ ರನ್ನರ್‌ನಿಂದ (ಆ ಸಿಲಿಂಡರಿಗೆ ಮಾತ್ರ ಗಾಳಿ ಒಯ್ಯುವ ಕೊಳವೆಯಿಂದ) ಹೋಸ್ ತೆಗೆದಿದ್ದರೆ ಮಿಡಿತ ಇನ್ನೂ ಜೋರು. ಎಲ್ಲ ರನ್ನರ್‌ಗಳು ಸೇರುವ ಪ್ಲೀನಮ್‌ನಿಂದ ತೆಗೆಯಿರಿ, ಪೋರ್ಟಿನಲ್ಲಿ ಸಣ್ಣ ರಂಧ್ರದ ರಿಸ್ಟ್ರಿಕ್ಟರ್ ಹಾಕಿ. ಸೆನ್ಸರ್ ಪೋರ್ಟಿಗಿಂತ ಎತ್ತರದಲ್ಲಿರಲಿ, ಹೋಸ್ ಇಳಿಜಾರಾಗಿ ಬರಲಿ. ಆಗ ಒಳಗೆ ಸೇರಿದ ತೇವ ತಾನೇ ಕೆಳಗೆ ಹರಿದುಹೋಗುತ್ತದೆ. ಹೋಸಿನಲ್ಲಿ ತಗ್ಗು ಇದ್ದರೆ ಅಲ್ಲಿ ನಿಂತ ನೀರು ಚಳಿಯ ಎತ್ತರದಲ್ಲಿ ಹೆಪ್ಪುಗಟ್ಟಿ, ರೀಡಿಂಗ್ ಒಂದೇ ಅಂಕಿಗೆ ಅಂಟಿಕೊಳ್ಳಬಹುದು.

## ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಯಾಗಿದ್ದಾಗ ಒದ್ದಾಡುತ್ತದೆ

ಹಾರಿ ಬಂದು, ಎಂಜಿನ್ ನಿಲ್ಲಿಸಿ, 20 ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡುವಾಗ ಈ ತೊಂದರೆ ಬರುತ್ತದೆ. ಫ್ಯುಯಲ್ ಲೈನಿನಲ್ಲಿ ಆವಿ ತುಂಬಿಕೊಂಡಿರುವುದೂ ಕಾರಣ ಆಗಬಹುದು. ಅದಕ್ಕೂ ಮೊದಲು ಐಎಟಿ ಅಂಕಿ ನೋಡಿ.

ಬಿಸಿ ಲೋಹಕ್ಕೆ ತಾಗಿ ಕೂತ ಐಎಟಿ ಸೆನ್ಸರ್ ಗಾಳಿಯ ಬದಲು ಲೋಹದ ಬಿಸಿಯನ್ನು ಓದುತ್ತದೆ. ಅನೇಕ ಲೈಕಮಿಂಗ್ ಎಂಜಿನ್‌ಗಳಲ್ಲಿ ಇನ್‌ಟೇಕ್ ದಾರಿ ಆಯಿಲ್ ಸಂಪ್ (ಬಿಸಿ ಎಣ್ಣೆ ನಿಲ್ಲುವ ತೊಟ್ಟಿ) ಒಳಗೇ ಹಾದುಹೋಗುತ್ತದೆ. ಅಲ್ಲಿ ಸೆನ್ಸರ್ ಹಾಕಿದರೆ ಕೇಳುವುದೇ ಬೇಡ. ಗಾಳಿ 30 ಡಿಗ್ರಿ, ಸೆನ್ಸರ್ ಹೇಳುವುದು 80 ಎಂದಾದರೆ ಸುಮಾರು ಶೇ. 14ರಷ್ಟು ಇಂಧನ ಕಡಿಮೆ ಬೀಳುತ್ತದೆ. ಸ್ಟಾರ್ಟ್ ಆಗಿ ಒಂದೆರಡು ನಿಮಿಷ ಓಡಿದ ಮೇಲೆ ತಂಪು ಗಾಳಿ ಹರಿದು ಅಂಕಿ ಇಳಿಯುತ್ತದೆ, ಎಂಜಿನ್ ಸರಿಹೋಗುತ್ತದೆ. ಈ ಸರಿಹೋಗುವ ರೀತಿಯೇ ದೋಷದ ಗುರುತು.

ಪರಿಹಾರ ಸರಳ. ಲೋಹದ ಕವಚದೊಳಗೆ ಮುಚ್ಚಿದ ಸೆನ್ಸರ್ ಬಿಟ್ಟು, ಗಾಳಿಗೆ ನೇರ ತೆರೆದುಕೊಂಡ ಮಾದರಿ ಹಾಕಿ. ಏರ್ ಫಿಲ್ಟರ್ ಮತ್ತು ಥ್ರಾಟಲ್ ನಡುವೆ, ಪ್ಲಾಸ್ಟಿಕ್ ಅಥವಾ ಫೈಬರ್ ಡಕ್ಟ್‌ನಲ್ಲಿ ಕೂರಿಸಿ. ಟರ್ಬೊ ಇದ್ದರೆ ಇಂಟರ್‌ಕೂಲರ್ ನಂತರ. ಆಲ್ಟರ್ನೇಟ್ ಏರ್ ಬಾಗಿಲು (ಫಿಲ್ಟರ್ ದಾರಿ ಕಟ್ಟಿಕೊಂಡಾಗ ಬೇರೆ ಕಡೆಯಿಂದ ಗಾಳಿ ಬಿಡುವುದು) ಮಾತ್ರ ಸೆನ್ಸರಿಗಿಂತ ಮೊದಲೇ ಇರಬೇಕು. ಇಲ್ಲದಿದ್ದರೆ ಬಾಗಿಲು ತೆರೆದಾಗ ಎಂಜಿನ್ ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಒಳಗಿನ ಬಿಸಿ ಗಾಳಿ ಕುಡಿಯುತ್ತದೆ, ಸೆನ್ಸರ್ ಹಳೆಯ ತಂಪು ಅಂಕಿಯನ್ನೇ ಹೇಳುತ್ತಿರುತ್ತದೆ. ಮ್ಯಾಫ್ ಇರುವ ಎಂಜಿನ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಬಾಗಿಲು ಮೀಟರ್ ದಾಟಿದ ಮೇಲಿದ್ದರೆ ಒಳಬಂದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ.

## ನೆಲದ ಮೇಲೆ ಸರಿ, ಏರಿದಂತೆ ಮಿಶ್ರಣ ಕೆಡುತ್ತದೆ

ಸೆನ್ಸರ್ ಆಯ್ಕೆಯ ಪ್ರಶ್ನೆ ನಿಜವಾಗಿ ಎದುರಾಗುವುದು ಇಲ್ಲಿ. 10,000 ಅಡಿಯಲ್ಲಿ ಪ್ರಮಾಣಿತ ಒತ್ತಡ ಸುಮಾರು 70 ಕಿಲೋಪಾಸ್ಕಲ್. ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 74ರಷ್ಟು ಮಾತ್ರ. ಕಾರು ದಿನವಿಡೀ ಕಾಣದ ಬದಲಾವಣೆಯನ್ನು ವಿಮಾನ ಕೆಲವೇ ನಿಮಿಷದಲ್ಲಿ ಕಾಣುತ್ತದೆ.

ಏರಿದಂತೆ ತುಂಬ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ) ಆಗುತ್ತಿದ್ದರೆ, ನಿಮ್ಮದು ಆಲ್ಫಾ-ಎನ್ ಆಗಿದ್ದರೆ, ವಾಯುಭಾರದ ತಿದ್ದುಪಡಿ ಕೆಲಸ ಮಾಡುತ್ತಿಲ್ಲ. ಥ್ರಾಟಲ್ ಕೋನಕ್ಕೆ ಎತ್ತರ ಗೊತ್ತಾಗುವುದಿಲ್ಲ. ಯಾವ ತಿದ್ದುಪಡಿಯೂ ಇಲ್ಲದಿದ್ದರೆ 10,000 ಅಡಿಯಲ್ಲಿ ಬೇಕಾದ್ದಕ್ಕಿಂತ ಸುಮಾರು ಶೇ. 35ರಷ್ಟು ಜಾಸ್ತಿ ಇಂಧನ ಹೋಗುತ್ತದೆ. ಕೆಲವು ಕಾರ್ ಇಸಿಯುಗಳು ಕೀ ಆನ್ ಮಾಡಿದ ಕ್ಷಣದಲ್ಲಿ ಮ್ಯಾಪ್ ಸೆನ್ಸರಿನಿಂದ ಒಮ್ಮೆ ವಾಯುಭಾರ ಓದಿ, ಎಂಜಿನ್ ನಿಲ್ಲುವವರೆಗೂ ಅದನ್ನೇ ನಂಬುತ್ತವೆ. ವಿಮಾನಕ್ಕೆ ಈ ಸೆಟ್ಟಿಂಗ್ ಅಪಾಯ. ಹೊರಟ ಜಾಗದ ಒತ್ತಡ ಇಟ್ಟುಕೊಂಡೇ ಮೇಲಕ್ಕೆ ಏರುತ್ತೀರಿ. ಗಾಳಿಯಲ್ಲಿ ಇಸಿಯು ಒಮ್ಮೆ ರೀಸೆಟ್ ಆದರಂತೂ, ಗಾಳಿಗೆ ತಿರುಗುತ್ತಿರುವ ಪ್ರೊಪೆಲ್ಲರಿನಿಂದ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುತ್ತದೆ. ಅದನ್ನೇ ವಾಯುಭಾರ ಎಂದು ಓದಿಕೊಂಡ ಇಸಿಯು ತೀರ ಕಡಿಮೆ ಇಂಧನ ಬಿಡುತ್ತದೆ. ಬೇರೆಯದೇ ಆದ, ಸದಾ ಓದುವ ವಾಯುಭಾರ ಸೆನ್ಸರ್ ಹಾಕಿ. ಅದನ್ನು ಕೌಲಿಂಗ್ ಒಳಗೆ ಇಡಬೇಡಿ. ಹಾರುವಾಗ ಅಲ್ಲಿ ಒತ್ತಡ ಹೊರಗಿಗಿಂತ ಜಾಸ್ತಿ ಇರುತ್ತದೆ.

ವೇನ್ ಮೀಟರ್ ಇದ್ದರೂ ಏರಿದಂತೆ ರಿಚ್ ಆಗುತ್ತದೆ, ಆದರೆ ಕಡಿಮೆ ಪ್ರಮಾಣದಲ್ಲಿ. ಸಾಂದ್ರತೆಯ ತಿದ್ದುಪಡಿ ಇಲ್ಲದೆ 10,000 ಅಡಿಯಲ್ಲಿ ಲೆಕ್ಕದ ಪ್ರಕಾರ ಶೇ. 16ರ ಆಸುಪಾಸು. ಅದರ ಫ್ಲ್ಯಾಪ್ ಗಾಳಿಯ ದಾರಿಗೂ ಅಡ್ಡಿ. ವಿಮಾನಕ್ಕೆ ಇದನ್ನು ನಾನು ಸಲಹೆ ಮಾಡುವುದಿಲ್ಲ.

ಬಿಸಿ ತಂತಿಯ ಮ್ಯಾಫ್ ಗಾಳಿಯ ತೂಕವನ್ನೇ ಅಳೆಯುತ್ತದೆ. ಎತ್ತರದ ಲೆಕ್ಕ ತಾನೇ ಸರಿಹೋಗುತ್ತದೆ. ಕೇಳಲು ಇದೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ತೊಂದರೆ ಬರುವುದು ಕೌಲಿಂಗ್ ಒಳಗಿನ ಇಕ್ಕಟ್ಟಿನಿಂದ. ಮೀಟರಿನ ಮುಂದೆ ನೇರ ಪೈಪ್ ಬೇಕು, ಪಕ್ಕದಲ್ಲೇ ತಿರುವು ಇದ್ದರೆ ರೀಡಿಂಗ್ ತಪ್ಪುತ್ತದೆ. ದೂಳು, ಫಿಲ್ಟರಿಗೆ ಹಚ್ಚಿದ ಎಣ್ಣೆ ತಂತಿಗೆ ಅಂಟಿದರೆ ಅದು ಕಡಿಮೆ ಓದಿ ಎಂಜಿನ್ ಲೀನ್ (ಇಂಧನ ಕಡಿಮೆ) ಆಗುತ್ತದೆ. ಮೀಟರ್ ನಂತರದ ಪ್ರತಿ ಲೀಕೂ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಬ್ಯಾಕ್‌ಫೈರ್ ಆದರೆ ತಂತಿಯೇ ಹೋಗಬಹುದು.

ಹಾಗಾಗಿ ಸಾಧಾರಣ ಪ್ಲೀನಮ್ ಇರುವ ಎಂಜಿನ್‌ಗೆ ಮ್ಯಾಪ್ ಮತ್ತು ಐಎಟಿ ಜೋಡಿಯೇ ನನ್ನ ಆಯ್ಕೆ. ಮ್ಯಾಪ್ ಸೆನ್ಸರ್ ಸಂಪೂರ್ಣ ಒತ್ತಡ ಅಳೆಯುವುದರಿಂದ ಎತ್ತರದ ಬಹುಪಾಲು ಲೆಕ್ಕ ಅದರಲ್ಲೇ ಬಂದುಬಿಡುತ್ತದೆ. ಗಾಳಿಯ ದಾರಿಗೆ ಏನೂ ಅಡ್ಡ ಬರುವುದಿಲ್ಲ. ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು ಸೆನ್ಸರ್ ಇಡಲೂ ಸುಲಭ. ಪ್ರತಿ ಸಿಲಿಂಡರಿಗೂ ಬೇರೆ ಥ್ರಾಟಲ್ ಇರುವ ಎಂಜಿನ್‌ನಲ್ಲಿ ಮಾತ್ರ ಮ್ಯಾಪ್ ಸಿಗ್ನಲ್ ದುರ್ಬಲ. ಅಲ್ಲಿ ಆಲ್ಫಾ-ಎನ್ ಜೊತೆ ವಾಯುಭಾರ ಸೆನ್ಸರ್ ಸರಿ.

ಸ್ಪೀಡ್-ಡೆನ್ಸಿಟಿಯಲ್ಲೂ ಎತ್ತರದಲ್ಲಿ ಸ್ವಲ್ಪ ಲೀನ್ ಆಗುವುದು ಕಂಡರೆ ಗಾಬರಿ ಬೇಡ. ಮೇಲೆ ಎಕ್ಸಾಸ್ಟಿನ ಎದುರು ಒತ್ತಡ ಕಡಿಮೆ. ಸುಟ್ಟ ಅನಿಲ ಚೆನ್ನಾಗಿ ಹೊರಹೋಗಿ, ಅದೇ ಮ್ಯಾಪ್ ಅಂಕಿಗೆ ಸ್ವಲ್ಪ ಜಾಸ್ತಿ ಗಾಳಿ ಒಳಬರುತ್ತದೆ. ವಾಯುಭಾರದ ಸಣ್ಣ ತಿದ್ದುಪಡಿಯಿಂದ ಅಥವಾ ಇಂಧನವನ್ನು ಕೈಯಿಂದ ಹೊಂದಿಸುವ ಮಿಕ್ಸ್‌ಚರ್ ನಾಬ್‌ನಿಂದ ಇದು ಸರಿಹೋಗುತ್ತದೆ.

ಸೆನ್ಸರಿನ ಅಳತೆಯ ವ್ಯಾಪ್ತಿಯನ್ನೂ ಯೋಚಿಸಿ ಆರಿಸಿ. "ಮುಂದೆ ಯಾವಾಗಲಾದರೂ ಟರ್ಬೊ ಹಾಕಬಹುದು" ಎಂದು 250 ಕಿಲೋಪಾಸ್ಕಲ್ ಸೆನ್ಸರ್ ತರುವವರಿದ್ದಾರೆ. ಅದರ ದೋಷದ ಮಿತಿ ಸುಮಾರು 3.5 ಕಿಲೋಪಾಸ್ಕಲ್. ಐಡಲ್‌ನ 35ರಲ್ಲಿ ಅದು ಶೇ. 10. ಅದೇ 115ರ ಸೆನ್ಸರಿನಲ್ಲಿ ಮಿತಿ 1.5 ಮಾತ್ರ. ಇನ್ನೊಂದು ತುದಿಯಲ್ಲಿ, 105ಕ್ಕೆ ಮುಗಿಯುವ ಸೆನ್ಸರ್ ವೇಗದ ವಿಮಾನಕ್ಕೆ ಕಿರಿದಾಗಬಹುದು. 200 ನಾಟ್ ವೇಗದಲ್ಲಿ ಸಮುದ್ರಮಟ್ಟದ ಹತ್ತಿರ ರ‍್ಯಾಮ್ ಒತ್ತಡ (ವೇಗಕ್ಕೆ ಗಾಳಿ ಒಳನುಗ್ಗುವುದರಿಂದ ಬರುವುದು) ಗರಿಷ್ಠ 6.5 ಕಿಲೋಪಾಸ್ಕಲ್ ತನಕ ಸೇರಬಹುದು. ಟರ್ಬೊ ಇಲ್ಲದ ಎಂಜಿನ್‌ಗೆ 115ರ ಸೆನ್ಸರ್ ಸಾಕಷ್ಟು.

## ಒಂದೇ ಸಿಲಿಂಡರಿನ ಇಜಿಟಿ (ಎಕ್ಸಾಸ್ಟ್ ಅನಿಲದ ಬಿಸಿ) ಬೇರೆ ಇದೆ

ಇದು ಗಾಳಿಯ ಸೆನ್ಸರಿನ ದೋಷ ಅಲ್ಲ. ಸೆನ್ಸರ್ ತಪ್ಪಿದರೆ ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಕೆಡುತ್ತವೆ. ಕಡಿಮೆ ಪವರ್‌ನಲ್ಲಿ ಒಂದು ಸಿಲಿಂಡರ್ ಲೀನ್, ಫುಲ್ ಥ್ರಾಟಲ್‌ನಲ್ಲಿ ಸರಿ ಎಂದಾದರೆ ಆ ಸಿಲಿಂಡರಿನ ಇನ್‌ಟೇಕ್ ಗ್ಯಾಸ್ಕೆಟ್ ಅಥವಾ ಕಪ್ಲಿಂಗ್ ಲೀಕ್. ಪವರ್ ಏರಿಸಿದಂತೆ ಕೆಡುತ್ತಾ ಹೋದರೆ ಇಂಜೆಕ್ಟರ್ ಕಟ್ಟಿಕೊಂಡಿದೆ. ಇಜಿಟಿ ಪ್ರೋಬನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲು ಬದಲು ಮಾಡಿ ನೋಡುವುದು ಮೊದಲ ಹೆಜ್ಜೆ.

## ಹಠಾತ್ತನೆ ಒಮ್ಮೆ ಜರ್ಕ್ ಹೊಡೆದು ಸರಿಹೋಗುತ್ತದೆ

ವೈರಿಂಗ್. ಹತ್ತಕ್ಕೆ ಎಂಟು ಬಾರಿ ಎನ್ನುವಷ್ಟು ಇದೇ ಮೊದಲ ಅನುಮಾನ ಆಗಿರಲಿ. ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ಒಬ್ಬರು ಅಂಕಿ ನೋಡುತ್ತಿರುವಾಗ ಇನ್ನೊಬ್ಬರು ಪ್ರೊಪೆಲ್ಲರಿನಿಂದ ದೂರ ನಿಂತು ಒಂದೊಂದೇ ಕನೆಕ್ಟರ್ ಅಲ್ಲಾಡಿಸಿ. ಥ್ರಾಟಲನ್ನು ನಿಧಾನವಾಗಿ ತೆರೆಯುತ್ತಾ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್) ವೋಲ್ಟೇಜ್ ನೋಡಿ. ಅದು ಎಲ್ಲೂ ಹಾರದೆ ಸಮನಾಗಿ ಏರಬೇಕು.

ಮ್ಯಾಪ್ ಮತ್ತು ಟಿಪಿಎಸ್ ಎರಡೂ ಒಟ್ಟಿಗೆ ಸತ್ತರೆ ಎರಡು ಸೆನ್ಸರ್ ಕೊಳ್ಳಬೇಡಿ. ಎರಡಕ್ಕೂ ಹೋಗುವ 5 ವೋಲ್ಟ್ ಲೈನ್ ಒಂದೇ. ಒಂದು ಕಡೆ ಶಾರ್ಟ್ ಆದರೆ ಎಲ್ಲವೂ ಕುಸಿಯುತ್ತವೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ ದೋಷ ಆ ಕಡೆ ಇದೆ.

ಗ್ರೌಂಡ್ ನೋಡಲು ಲೈಟ್, ಪಂಪ್ ಎಲ್ಲ ಆನ್ ಮಾಡಿ, ಸೆನ್ಸರಿನ ಗ್ರೌಂಡ್ ಪಿನ್ ಮತ್ತು ಇಸಿಯು ಗ್ರೌಂಡ್ ನಡುವೆ ಮಿಲಿವೋಲ್ಟ್ ಅಳೆಯಿರಿ. 100 ಮಿಲಿವೋಲ್ಟ್ ಕಂಡರೆ 250ರ ಸೆನ್ಸರಿನಲ್ಲಿ ಅದು 5 ಕಿಲೋಪಾಸ್ಕಲ್ ತಪ್ಪು. ಸೆನ್ಸರ್ ಗ್ರೌಂಡನ್ನು ಎಂಜಿನ್ ಬ್ಲಾಕಿಗೆ ಕಟ್ಟದೆ ಇಸಿಯುಗೇ ತನ್ನಿ. ಸಿಗ್ನಲ್ ತಂತಿಯನ್ನು ಇಗ್ನಿಷನ್ ತಂತಿಗಳಿಂದ ದೂರ ಇಡಿ.

ಎರಡು ಲೇನ್ (ಒಂದು ಕೆಟ್ಟರೆ ಇನ್ನೊಂದು ಎಂದು ಇಟ್ಟ ಜೋಡಿ ನಿಯಂತ್ರಣ) ಇರುವ ವ್ಯವಸ್ಥೆ ಇದ್ದರೆ ಲೇನ್ ಬದಲಿಸಿ ನೋಡಿ. ದೋಷ ಒಂದರಲ್ಲಿ ಮಾತ್ರ ಬಂದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು. 2012ರಲ್ಲಿ ಬಂದ ರೋಟ್ಯಾಕ್ಸ್ 912 ಐಎಸ್ ಎಂಜಿನ್‌ನಲ್ಲಿ ಇಂಥ ಎ, ಬಿ ಲೇನ್‌ಗಳಿವೆ. ಅದಕ್ಕೆ ತಯಾರಕರ ಕೈಪಿಡಿಯೇ ಅಂತಿಮ. ನೀವೇ ಕಟ್ಟಿದ ವ್ಯವಸ್ಥೆಯಲ್ಲಿ ಎರಡು ಮ್ಯಾಪ್ ಸೆನ್ಸರ್‌ಗಳನ್ನು ಒಂದೇ ಹೋಸಿನಿಂದ ಕವಲು ತೆಗೆದು ಹಾಕಿದ್ದೀರಾ? ಆ ಒಂದು ಹೋಸ್ ಹೋದರೆ ಎರಡೂ ಹೋಗುತ್ತವೆ. ಬೇರೆ ಪೋರ್ಟ್, ಬೇರೆ ಹೋಸ್ ಮಾಡಿ.

## ಆಕ್ಸಿಜನ್ ಸೆನ್ಸರ್ ನಂಬಿ ತಿದ್ದುತ್ತಿದ್ದೀರಾ?

100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂ ತನಕ ಸೀಸ ಇರಬಹುದು. ಅದು ಎಕ್ಸಾಸ್ಟಿನಲ್ಲಿ ಉಳಿದ ಆಮ್ಲಜನಕ ಓದುವ ಆಕ್ಸಿಜನ್ ಸೆನ್ಸರನ್ನು ನಿಧಾನವಾಗಿ ಕೊಲ್ಲುತ್ತದೆ, ಸಾಯುವ ಮೊದಲು ಅದು ತಪ್ಪು ಹೇಳುತ್ತದೆ. ಟ್ಯೂನಿಂಗ್ ಸಮಯಕ್ಕೆ ಮಾತ್ರ ಹೊಸದು ಹಾಕಿ, ಇಜಿಟಿ ಜೊತೆ ಹೋಲಿಸಿ ನೋಡಿ. ಹಾರಾಟದಲ್ಲಿ ಮಿಶ್ರಣ ನಿರ್ಧರಿಸುವ ಕೆಲಸ ಅದಕ್ಕೆ ಕೊಡಬೇಡಿ.

## ಎಲ್ಲಿ ನಿಲ್ಲಿಸಬೇಕು

ಫ್ಯುಯಲ್ ಒತ್ತಡವೇ ಅಲುಗಾಡುತ್ತಿದ್ದರೆ, ಇಸಿಯು ಸಪ್ಲೈ ವೋಲ್ಟೇಜ್ ಬೀಳುತ್ತಿದ್ದರೆ, ಸಿಎಚ್‌ಟಿ (ಸಿಲಿಂಡರ್ ಹೆಡ್‌ನ ಬಿಸಿ) ಇದ್ದಕ್ಕಿದ್ದಂತೆ ಏರಿದರೆ, ಪ್ಲಗ್ ಮೇಲೆ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೊನೆಯದು ಡೆಟೊನೇಷನ್ (ಸಿಲಿಂಡರಿನಲ್ಲಿ ಮಿಶ್ರಣ ಹದವಾಗಿ ಉರಿಯದೆ ಸಿಡಿಯುವುದು) ಗುರುತು. ಒಳಗೆ ಪಿಸ್ಟನ್ ನೋಡದೆ ಮತ್ತೆ ಓಡಿಸಬಾರದು. ಆ ಎಂಜಿನ್ ಗೊತ್ತಿರುವ ಮೆಕ್ಯಾನಿಕ್ ಮತ್ತು ಇಂಜೆಕ್ಷನ್ ತಯಾರಕರನ್ನು ಕರೆಯಿರಿ. ಬಂದು ಹೋಗುವ ದೋಷ ನೆಲದ ಮೇಲೆ ಮತ್ತೆ ಕಾಣಿಸದಿದ್ದರೆ ಅದು ಸರಿಹೋಗಿದೆ ಎಂದು ಹಾರಬೇಡಿ. ಕಾರಣ ಸಿಗುವ ತನಕ ವಿಮಾನ ನೆಲದಲ್ಲೇ ಇರಲಿ.

ಗಾಳಿಯಲ್ಲಿರುವಾಗ ದೋಷ ಬಂದರೆ ಹುಡುಕುತ್ತಾ ಕೂರಬೇಡಿ. ಥ್ರಾಟಲ್ ಇದ್ದಲ್ಲೇ ಬಿಟ್ಟು, ಇನ್ನೊಂದು ಲೇನ್ ಅಥವಾ ಕೈ ಮಿಶ್ರಣ ಪ್ರಯತ್ನಿಸಿ. ಎಂಜಿನ್ ಓಡುವ ಒಂದು ಸ್ಥಿತಿ ಸಿಕ್ಕಿದರೆ ರನ್‌ವೇ ಖಂಡಿತ ಮುಟ್ಟುತ್ತೇವೆ ಎನ್ನುವವರೆಗೆ ಅದನ್ನು ಬದಲಿಸಬೇಡಿ.

ಸೆನ್ಸರ್ ಬದಲಿಸಿದ ಮೇಲೆ, ಹಳೆಯ ತಪ್ಪನ್ನು ಮುಚ್ಚಲು ಫ್ಯುಯಲ್ ಟೇಬಲ್‌ನಲ್ಲಿ ಮಾಡಿದ್ದ ತಿದ್ದುಪಡಿಗಳನ್ನೂ ತೆಗೆಯಿರಿ. ಇದನ್ನು ಮರೆತರೆ ಹೊಸ ಸೆನ್ಸರ್ ಜೊತೆ ಎಂಜಿನ್ ಮತ್ತೆ ತಪ್ಪಾಗಿ ಓಡುತ್ತದೆ, ನೀವು ಹೊಸ ಸೆನ್ಸರನ್ನೇ ದೂರುತ್ತೀರಿ. ಆಮೇಲೆ ವಿಮಾನ ಕಟ್ಟಿಹಾಕಿ ಐಡಲ್‌ನಿಂದ ಫುಲ್ ಪವರ್ ತನಕ ನೆಲದಲ್ಲೇ ಓಡಿಸಿ, ಡೇಟಾ ಉಳಿಸಿಕೊಳ್ಳಿ. ಬದಲಾವಣೆಯನ್ನು ಲಾಗ್‌ಬುಕ್‌ನಲ್ಲಿ ಬರೆಯಿರಿ. ನಿಮ್ಮ ದೇಶದ ವಾಯುಯಾನ ನಿಯಮ ಮತ್ತೆ ಪರೀಕ್ಷಾ ಹಾರಾಟ ಕೇಳಿದರೆ ಅದನ್ನು ಪಾಲಿಸಿ. ಮೊದಲ ಹಾರಾಟ ಒಬ್ಬರೇ, ಏರ್‌ಫೀಲ್ಡ್ ಮೇಲೆಯೇ ಸುತ್ತುತ್ತಾ, ಎಂಜಿನ್ ನಿಂತರೂ ರನ್‌ವೇಗೆ ಜಾರಿ ಬರುವಷ್ಟು ಹತ್ತಿರದಲ್ಲಿರಲಿ. ಪ್ರತಿ 2,000 ಅಡಿಗೊಮ್ಮೆ ನೇರ ಹಾರಿ ಮ್ಯಾಪ್, ಐಎಟಿ, ಇಜಿಟಿ ಅಂಕಿಗಳನ್ನು ದಾಖಲಿಸಿ. ಥ್ರಾಟಲನ್ನು ಐಡಲ್‌ಗೆ ಎಳೆದು ನೋಡುವ ಪರೀಕ್ಷೆಯನ್ನು ಆ ಎತ್ತರದಲ್ಲೇ, ರನ್‌ವೇ ಕೆಳಗಿರುವಾಗಲೇ ಮಾಡಿ.